ಸ್ಥೂಲದೇಹಿಗಳ ಓಟ: ನಾಚಿಕೆಯೂ ಬೇಡ, ಅವಸರವೂ ಬೇಡ

ಕೊಟ್ಟೂರು ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವ ಸಮೀಪಿಸಿತೆಂದರೆ ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಬರುವ ರಸ್ತೆಗಳಲ್ಲಿ ಪಾದಯಾತ್ರಿಗಳ ಸಾಲು ಹಗಲಿರುಳೆನ್ನದೆ ಹರಿಯತೊಡಗುತ್ತದೆ. ಆ ಸಾಲಿನಲ್ಲಿ ತೆಳ್ಳಗಿನವರಿರುತ್ತಾರೆ, ದಪ್ಪ ಮೈಯವರೂ ಇರುತ್ತಾರೆ. ಏದುಸಿರು ಬಿಡುತ್ತ, ಬೆವರು ಒರೆಸಿಕೊಳ್ಳುತ್ತ ಸಾಗುವ ಸ್ಥೂಲಕಾಯದ ಭಕ್ತರನ್ನು ಕಂಡು ಯಾರೂ ನಗುವುದಿಲ್ಲ. ಮಜ್ಜಿಗೆ ಕೊಡುತ್ತಾರೆ, ಕುಳಿತುಕೊಳ್ಳಲು ನೆರಳು ತೋರಿಸುತ್ತಾರೆ. ಅದೇ ವ್ಯಕ್ತಿ ಜಾತ್ರೆ ಮುಗಿದ ಮರುವಾರ ತನ್ನ ಊರಿನ ಬೀದಿಯಲ್ಲಿ ಆರೋಗ್ಯಕ್ಕಾಗಿ ನಾಲ್ಕು ಹೆಜ್ಜೆ ಓಡಿದರೆ, ಕಟ್ಟೆಯ ಮೇಲೆ ಕುಳಿತವರು "ಯಾಕ್ರೀ ಸಾವ್ಕಾರ್ರೇ, ಬಸ್ ತಪ್ಪಿತೇನು?" ಎಂದು ಕೇಳುತ್ತಾರೆ. ಕೇಳಿದವರಿಗೆ ಅದು ಬರಿಯ ತಮಾಷೆ. ಕೇಳಿಸಿಕೊಂಡವರು ಮರುದಿನ ಮನೆಯಿಂದ ಹೊರಗೆ ಬರುವುದಿಲ್ಲ.

ಈ ಮಾತನ್ನು ನಾವು ತಡವಾಗಿ ಅರಿತೆವು. ಕೆಲವು ವರ್ಷಗಳ ಹಿಂದೆ ಹೊಸಹಳ್ಳಿ ಸೀಮೆಯ ವ್ಯಾಪಾರಿಯೊಬ್ಬರು ನಮ್ಮಲ್ಲಿ ಚಿಕಿತ್ಸೆಗೆ ಬಂದರು. ವಯಸ್ಸು 46, ತೂಕ 96 ಕಿಲೋ. ರಕ್ತದ ಸಕ್ಕರೆ ಆಗಷ್ಟೇ ಏರತೊಡಗಿತ್ತು. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುವ ಜೀವನ. "ತೂಕ ಇಳಿಸಿ, ನಡೆಯಿರಿ, ಓಡಿರಿ" ಎಂದು ಹೇಳಿ, ಔಷಧ ಬರೆದು ಕಳುಹಿಸಿದೆವು. ಹತ್ತು ದಿನಗಳಲ್ಲಿ ಅವರು ಕುಂಟುತ್ತ ಹಿಂದಿರುಗಿದರು. ಬಲ ಮೊಣಕಾಲು ಊದಿಕೊಂಡಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ಯಾರ ಕಣ್ಣಿಗೂ ಬೀಳಬಾರದೆಂದು ಅವರು ನಸುಕಿನ ನಾಲ್ಕೂವರೆಗೆ, ಕತ್ತಲಲ್ಲಿ, ಹೆದ್ದಾರಿಯ ಬದಿಯಲ್ಲಿ ಓಡುತ್ತಿದ್ದರು. ಜನ ಏಳುವುದರೊಳಗೆ ಮುಗಿಸಬೇಕೆಂದು ಇದ್ದ ಬಲವನ್ನೆಲ್ಲ ಹಾಕಿ ಓಡಿದ್ದರು. ಒಂದು ದಿನ ಹಿಂದಿನಿಂದ ಬಂದ ಲಾರಿ ಮೈಗೆ ತಾಗುವಷ್ಟು ಹತ್ತಿರ ಹಾದುಹೋಗಿತ್ತು. "ಇನ್ನ ಓಡಂಗಿಲ್ರೀ ಡಾಕ್ಟ್ರೇ, ಹಿಂಗೇ ಇರ್ತೀನಿ" ಎಂದರು. ನಾವು "ಓಡಿರಿ" ಎಂದಿದ್ದೆವೇ ಹೊರತು ಹೇಗೆ, ಎಲ್ಲಿ, ಎಷ್ಟು ಎಂಬುದನ್ನು ಹೇಳಿರಲಿಲ್ಲ. ತಪ್ಪು ನಮ್ಮದೇ ಆಗಿತ್ತು.

ನಾಚಿಕೆಯು ಸ್ಥೂಲದೇಹಿಗೆ ಎರಡು ಬಗೆಯಲ್ಲಿ ಕೇಡು ಮಾಡುತ್ತದೆ. ಒಂದೋ ಆರಂಭಿಸಲು ಬಿಡುವುದಿಲ್ಲ, ಇಲ್ಲವೇ ಆರಂಭಿಸಿದವರನ್ನು ಶಕ್ತಿಮೀರಿ ಓಡಿಸುತ್ತದೆ. ಆದುದರಿಂದ ಮೊದಲು ನಾಚಿಕೆಯನ್ನೇ ವಿಚಾರಿಸೋಣ. ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೌಲ್ಯದ ಕಾರಣಗಳನ್ನು ಹೇಳುತ್ತದೆ. ಅತಿಯಾದ ಆಹಾರ, ಸಿಹಿ ಹಾಗೂ ಜಿಡ್ಡಿನ ಪದಾರ್ಥಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ ಆಚಾರ್ಯರು ಎಣಿಸಿದ್ದಾರೆ. ಇಂದಿನ ವಿಜ್ಞಾನವೂ ಅನುವಂಶೀಯತೆಯ ಪಾತ್ರವನ್ನು ಒಪ್ಪುತ್ತದೆ. ಹೀಗಿರುವಾಗ ದಪ್ಪ ಮೈಯನ್ನು ಸೋಮಾರಿತನದ ಗುರುತೆಂದು ತಿಳಿಯುವುದು ಸರಿಯಲ್ಲ. ಅದು ಚಿಕಿತ್ಸೆಗೆ ಒಳಪಡುವ ಒಂದು ಸ್ಥಿತಿ, ಅಷ್ಟೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 30ರಷ್ಟು ಮಂದಿ ಅಧಿಕ ತೂಕದವರು. ಯಾರೂ ಒಂಟಿಯಲ್ಲ.

ಇನ್ನು ಎಷ್ಟು ಓಡಬೇಕು? ಅದೇ ಅಧ್ಯಾಯವು, ತೂಕ ಇಳಿಸಬಯಸುವವನು ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆನ್ನುತ್ತದೆ. ವಾಗ್ಭಟಾಚಾರ್ಯರ ಅಷ್ಟಾಂಗಹೃದಯವಂತೂ ಬಲಶಾಲಿಗಳು ಕೂಡ, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದೂ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಸಾಕೆಂದೂ ವಿಧಿಸುತ್ತದೆ. ಹಣೆ, ಕಂಕುಳುಗಳಲ್ಲಿ ಬೆವರೊಡೆದು, ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಇನ್ನೊಂದು ಸುಲಭವಾದ ಪರೀಕ್ಷೆಯಿದೆ. ಓಡುತ್ತಲೇ ಜೊತೆಗಾರರೊಡನೆ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಆ ವ್ಯಾಪಾರಿಗಳ ಮೊಣಕಾಲು ಗುಣವಾದ ಮೇಲೆ ನಾವು ಕೊಟ್ಟ ಕ್ರಮ ಹೀಗಿತ್ತು. ಮೊದಲ ಎರಡು ವಾರ ಓಟವೇ ಇಲ್ಲ, ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆ ಮಾತ್ರ. ಮೂರನೆಯ ವಾರದಿಂದ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಓಟ. ಮೊದಲು 5 ನಿಮಿಷ ಬಿರುಸಿನ ನಡಿಗೆ. ಬಳಿಕ 1 ನಿಮಿಷ ಮೆಲ್ಲನೆಯ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಮತ್ತೆ 5 ನಿಮಿಷ ನಿಧಾನದ ನಡಿಗೆ. ಈ ನಡಿಗೆ-ಓಟದ ಮಾದರಿಯನ್ನು ಅಮೆರಿಕದ ಜೋಶ್ ಕ್ಲಾರ್ಕ್ ಎಂಬುವರು 1996ರಲ್ಲಿ ಹೊಸಬರಿಗಾಗಿ ರೂಪಿಸಿದರು. ವಾರವಾರಕ್ಕೂ ಓಟದ ಪಾಲನ್ನು ಹೆಚ್ಚಿಸುತ್ತ 9 ವಾರಗಳಲ್ಲಿ 5 ಕಿಲೋಮೀಟರ್ ತಲುಪಿಸುವ ಯೋಜನೆ ಅದು. ಭಾರದ ಮೈಯವರಿಗೆ ಆ ವೇಗವೂ ಹೆಚ್ಚೆಂದು ಕಂಡು, ಒಂದೊಂದು ವಾರದ ಪಾಠವನ್ನು ಎರಡೆರಡು ವಾರ ಮಾಡಿಸಿದೆವು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಮಾಂಸಖಂಡ, ಸಂಧಿಗಳು ಅದಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು.

ಸ್ಥಳವನ್ನೂ ಬದಲಿಸಿದೆವು. ಹೆದ್ದಾರಿ ಬಿಟ್ಟು ಶಾಲೆಯ ಮೈದಾನ, ಅಥವಾ ಹೊಲದ ಕಡೆಯ ಮಣ್ಣಿನ ದಾರಿ. ನಸುಕಿನ ಕತ್ತಲು ಬಿಟ್ಟು ಬೆಳಕು ಹರಿದ ಮೇಲಿನ ಹೊತ್ತು. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಬೇಕು. ಕಾಲಿಗೆ ಚಪ್ಪಲಿ ಸಲ್ಲದು, ಮೆತ್ತನೆಯ ಅಡಿಯುಳ್ಳ ಬೂಟು ಬೇಕು. "ಸೀರಿ ಉಟ್ಟು ಬೂಟು ಹಾಕ್ಕೊಂಡ್ರ ಮಂದಿ ನಗ್ತಾರ್ರೀ" ಎಂದು ತಾಯಂದಿರು ಹೇಳುವುದುಂಟು. ಒಬ್ಬರೇ ಹೊರಟರೆ ನಗುತ್ತಾರೆ, ಓಣಿಯ ನಾಲ್ವರು ಕೂಡಿ ಹೊರಟರೆ ವಾರದೊಳಗೆ ಐದನೆಯವರು ಬಂದು ಸೇರುತ್ತಾರೆ. ಪಾದಯಾತ್ರೆಯ ಬಲವೂ ಜೊತೆಯಲ್ಲಿಯೇ ಇದೆಯಲ್ಲವೇ?

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಉಳ್ಳವರು ವೈದ್ಯರ ತಪಾಸಣೆಯಾಗದೆ ಓಟಕ್ಕಿಳಿಯಬಾರದು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಂಡಿರಬೇಕು. ಮನೆಗೆ ಬಂದೊಡನೆ ಪಾದಗಳಲ್ಲಿ ಗಾಯ, ಬೊಬ್ಬೆ ಇವೆಯೇ ಎಂದು ನೋಡಿಕೊಳ್ಳಬೇಕು. ಎದೆನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ತಲೆಸುತ್ತು ಕಂಡರೆ ತಕ್ಷಣ ನಿಂತು ಆಸ್ಪತ್ರೆಗೆ ಹೋಗಬೇಕು. ಮೀನಖಂಡ, ತೊಡೆಗಳಲ್ಲಿ ಒಂದೆರಡು ದಿನ ಇರುವ ನೋವು ಸಹಜವಾದುದು. ಸಂಧಿಗಳಲ್ಲಿ ನೋವು, ಊತ ಬಂದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಬೇಕು. ಅಜೀರ್ಣವಿರುವ ದಿನ ವ್ಯಾಯಾಮ ಬೇಡವೆಂಬುದು ಶಾಸ್ತ್ರದ ಮಾತು.

ಓಟವೊಂದೇ ತೂಕವನ್ನು ಇಳಿಸೀತೆಂದು ನಂಬಬೇಡಿರಿ. ಅರ್ಧ ಗಂಟೆ ಬೆವರು ಸುರಿಸಿ ಬಂದು ಒಂದು ತಟ್ಟೆ ಮಂಡಕ್ಕಿ-ಮೆಣಸಿನಕಾಯಿ ಮುಗಿಸಿದರೆ ಶ್ರಮವೆಲ್ಲ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು, ಮಜ್ಜಿಗೆಯ ನಮ್ಮ ಊಟವೇ ಸಾಕು. ಪ್ರಮಾಣ ಮಾತ್ರ ಹಿತಮಿತವಾಗಿರಲಿ.

ಆ ವ್ಯಾಪಾರಿಗಳು ಈಗಲೂ ತೆಳ್ಳಗಾಗಿಲ್ಲ. ಒಂದು ವರ್ಷದಲ್ಲಿ 96 ಕಿಲೋ 88ಕ್ಕೆ ಇಳಿದು ಅಲ್ಲಿಯೇ ನಿಂತಿದೆ. ಆದರೆ ಸಕ್ಕರೆ ಹತೋಟಿಯಲ್ಲಿದೆ, ರಾತ್ರಿ ನಿದ್ದೆ ಬರುತ್ತಿದೆ, ನಿಲ್ಲದೆ ಮೂರು ಕಿಲೋಮೀಟರ್ ಓಡುತ್ತಾರೆ. "ಬಸ್ ತಪ್ಪಿತೇನು?" ಎಂದು ಈಗಲೂ ಯಾರಾದರೂ ಕೇಳುವುದುಂಟಂತೆ. "ಹೌದ್ರೀ, ನೀವೂ ಬರ್ರಿ, ಕೂಡಿ ಹಿಡಿಯೋಣು" ಎನ್ನುತ್ತಾರಂತೆ. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ಅವರ ಜೊತೆಗಾರರಾಗಿದ್ದಾರೆ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಎರಡು. ತೂಕ ಹೆಚ್ಚಿದವರು ನಾಳೆ ಬೆಳಿಗ್ಗೆ ಹತ್ತು ನಿಮಿಷದ ನಡಿಗೆಯಿಂದಲೇ ಆರಂಭಿಸಲಿ. ಕಟ್ಟೆಯ ಮೇಲೆ ಕುಳಿತವರು ಅವರನ್ನು ಕಂಡಾಗ, ಜಾತ್ರೆಯ ದಾರಿಯಲ್ಲಿ ಯಾತ್ರಿಕರಿಗೆ ತೋರುವ ಆದರವನ್ನೇ ತೋರಲಿ.