ಕೋಳಿಮಾಂಸದ ಪರೀಕ್ಷೆ

ನರಸಿಂಹರಾಜಪುರದ ಗ್ರಾಹಕನು ಕೋಳಿಮಾಂಸದ ತೂಕವನ್ನು ನೋಡಬಲ್ಲನು, ಹಳಸಿದುದನ್ನು ವಾಸನೆಯಿಂದ ಅರಿಯಬಲ್ಲನು. ಆದರೆ ಅದರಲ್ಲಿ ಉಳಿದಿರಬಹುದಾದ ಪ್ರತಿಜೀವಕ ಔಷಧದ ಅಂಶವು ಪ್ರಯೋಗಶಾಲೆಯಲ್ಲಲ್ಲದೆ ಗೋಚರವಾಗದು. ಬೇಯಿಸಿದ ಮಾತ್ರಕ್ಕೆ ಅದು ಪೂರ್ಣವಾಗಿ ನಾಶವಾಗುವುದೆಂಬ ಭರವಸೆಯೂ ಇಲ್ಲ.

2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರೀಕ್ಷಿಸಿದ 70 ಮಾದರಿಗಳ ಪೈಕಿ ನೂರಕ್ಕೆ 40ರಲ್ಲಿ ಇಂತಹ ಶೇಷವು ಕಂಡುಬಂದಿತು. ಔಷಧಕ್ಕೆ ಒಗ್ಗಿಕೊಂಡ ರೋಗಾಣುಗಳ ಮುಂದೆ ಆಸ್ಪತ್ರೆಯ ಮದ್ದೂ ನಿಷ್ಫಲವಾಗುವುದು. ಆದುದರಿಂದಲೇ, ರೋಗಿಗಳಿಗೆ ಕಡೆಯ ಆಸರೆಯಾದ ಕೊಲಿಸ್ಟಿನನ್ನು ಕೋಳಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿದುದು ಸ್ತುತ್ಯವಾದುದು.

ಆದರೆ ಪರೀಕ್ಷೆಯಿಲ್ಲದಿದ್ದರೆ ನಿಷೇಧವು ಕಾಗದದ ಮೇಲೆಯೇ ಉಳಿಯುವುದು. ಔಷಧ ಕೊಟ್ಟ ಕೋಳಿಯನ್ನು ನಿಯತ ದಿನಗಳು ಕಳೆಯುವ ಮುನ್ನ ಸಾಕಣೆದಾರರು ಮಾರದಿರಲಿ; ಆಹಾರ ಸುರಕ್ಷತಾಧಿಕಾರಿಗಳು ಮಲೆನಾಡಿನ ಪೇಟೆಗಳಿಂದಲೂ ಮಾದರಿಗಳನ್ನು ತರಿಸಿ, ಫಲಿತಾಂಶವನ್ನು ಜನರ ಮುಂದಿಡಲಿ.