ಎರಡು ತೆರೆಗಳ ಕಾವಲು

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗಲೆಲ್ಲಾ ಕಚೇರಿಯ ಮೇಜಿನ ಮೇಲಿರುವ ಜೋಡಿ ತೆರೆಗಳನ್ನು ಕಂಡು, “ಇದೇನಮ್ಮಾ, ಒಂದು ಸಾಲದೇ?” ಎಂದು ಕೇಳುವುದುಂಟು. ತಮ್ಮ ಮಕ್ಕಳ ಚಿತ್ರವನ್ನು ಹಿಡಿದಿಡುವ ಯಂತ್ರವು ಎಂತಹುದೆಂದು ತಾಯ್ತಂದೆಗಳು ತಿಳಿಯಬಯಸುವುದೂ ನ್ಯಾಯವೇ. ಆದುದರಿಂದ ನಾವು ಅದನ್ನು ಕಟ್ಟಿದ ಕ್ರಮವನ್ನು ಸಂಕ್ಷೇಪವಾಗಿ ವಿವರಿಸುವೆವು.

ದೂರದ ದೃಶ್ಯವನ್ನು ತಂತಿಯ ಮೂಲಕ ತೆರೆಗೆ ತರುವ ಏರ್ಪಾಡನ್ನು 1942ರಲ್ಲಿಯೇ ಜರ್ಮನಿಯ ಪೇನೆಮ್ಯೂಂಡೆಯಲ್ಲಿ, ರಾಕೆಟ್ಟುಗಳ ಉಡ್ಡಯನವನ್ನು ನೋಡುವುದಕ್ಕಾಗಿ ಬಳಸಿದರು. ಅದಕ್ಕೆ ಕಣ್ಣಿತ್ತೇ ಹೊರತು ನೆನಪಿರಲಿಲ್ಲ. ಆ ನೆನಪನ್ನು ಒದಗಿಸುವುದೇ ರೆಕಾರ್ಡರಿನ ಕೆಲಸ. ಇಂದು ಒಂದು ಸಾಧಾರಣ ಕಂಪ್ಯೂಟರೇ ಇದಕ್ಕೆ ಸಾಕಾಗುತ್ತದೆ.

ನಾವು ಪ್ರಯೋಗಶಾಲೆಯಲ್ಲಿ ಬದಿಗಿಟ್ಟಿದ್ದ ಒಂದು ಕಂಪ್ಯೂಟರನ್ನು ಆರಿಸಿ, ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನೂ ಬೆಲೆಯಿಲ್ಲದೆ ದೊರೆಯುವ ಜೋನ್‌ಮೈಂಡರ್ ತಂತ್ರಾಂಶವನ್ನೂ ಸ್ಥಾಪಿಸಿದೆವು. ಕ್ಯಾಮರಾಗಳು ಆರು. ಒಂದೊಂದಕ್ಕೂ ಒಂದೇ ಕೇಬಲು ವಿದ್ಯುತ್ತನ್ನು ಒಯ್ದು ಚಿತ್ರವನ್ನು ತರುತ್ತದೆ. ಆದರೆ ಅದರ ಉದ್ದವು 100 ಮೀಟರನ್ನು ಮೀರಬಾರದು. ಕ್ಯಾಮರಾ ತಾನೇ ಸಂಕುಚಿತಗೊಳಿಸಿದ ಚಿತ್ರವನ್ನು ಯಂತ್ರವು ಬದಲಿಸದೆ ಹಾಗೆಯೇ ಡಿಸ್ಕಿನಲ್ಲಿ ಬರೆದಿಡುವುದರಿಂದ, ಹಳೆಯ ಯಂತ್ರಕ್ಕೂ ಆಯಾಸವಿಲ್ಲ.

ಡಿಸ್ಕು ಎಷ್ಟು ದೊಡ್ಡದಿರಬೇಕು? ಇದು ಎಂಟನೆಯ ತರಗತಿಯ ಬಾಲಿಕೆಯೂ ಮಾಡಬಲ್ಲ ಲೆಕ್ಕ. ಒಂದು ಕ್ಯಾಮರಾ ಸೆಕೆಂಡಿಗೆ 4 ಮೆಗಾಬಿಟ್, ಅಂದರೆ ಅರ್ಧ ಮೆಗಾಬೈಟ್ ಕಳುಹಿಸುತ್ತದೆ. ದಿನಕ್ಕೆ 86,400 ಸೆಕೆಂಡುಗಳು, ಆದುದರಿಂದ 43.2 ಗಿಗಾಬೈಟ್. ಆರು ಕ್ಯಾಮರಾಗಳಿಗೆ 259.2, ಹದಿನೈದು ದಿನಗಳಿಗೆ 3,888 ಗಿಗಾಬೈಟ್. ತುಸು ಎಡೆ ಮಿಗಲೆಂದು 6 ಟೆರಾಬೈಟಿನ, ಹಗಲಿರುಳು ಬರೆಯುವುದಕ್ಕೆಂದೇ ತಯಾರಾದ ಡಿಸ್ಕನ್ನು ಕೊಂಡೆವು. ಹದಿನೈದು ದಿನಗಳಾದ ಮೇಲೆ ಹಳೆಯ ಚಿತ್ರವು ತಾನಾಗಿ ಅಳಿಯುತ್ತದೆ.

ಇನ್ನು ಎರಡು ತೆರೆಗಳ ವಿಷಯ. ಮೊದಲನೆಯದರಲ್ಲಿ ಆರೂ ಸ್ಥಳಗಳ ಈ ಕ್ಷಣದ ನೋಟವಿರುತ್ತದೆ. ಎರಡನೆಯದು ಕಳೆದುಹೋದುದನ್ನು ಹುಡುಕಿ ನೋಡುವುದಕ್ಕೆ. ಒಂದೇ ತೆರೆಯಿದ್ದರೆ, ನಿನ್ನೆಯನ್ನು ನೋಡುತ್ತಿರುವಷ್ಟು ಹೊತ್ತು ಇಂದಿನ ಬಾಗಿಲು ಕಾವಲಿಲ್ಲದೆ ಉಳಿಯುವುದು.

ಇಷ್ಟೆಲ್ಲಾ ಮಾಡಿದ ಮೇಲೂ ನಾವು ಒಂದು ತಪ್ಪನ್ನು ಮಾಡಿದೆವು. ಮೊದಲ ವರ್ಷದಲ್ಲಿ ಒಂದು ದಿನ ಬಾಲಿಕೆಯೊಬ್ಬಳ ಸೈಕಲ್ಲು ಕಾಣೆಯಾಯಿತು. ಕೊಟ್ಟಿಗೆಯ ಚಿತ್ರವು ದೂರದ್ದು, ಮುಖ ತಿಳಿಯದು. ಆದರೆ ಸೈಕಲ್ಲು ಹೋದುದು 1:10ಕ್ಕೆ ಎಂಬುದು ಸ್ಪಷ್ಟವಾಗಿತ್ತು. ಗೇಟಿನ ಚಿತ್ರದಲ್ಲಿ ಅದೇ 1:10ಕ್ಕೆ ನಮ್ಮ ಸೇವಕಿಯೊಬ್ಬಳು ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಳು. ನಾವು ಆಕೆಯನ್ನು ಕರೆದು ಪ್ರಶ್ನಿಸಿದೆವು. ಅದು ತನ್ನ ಸ್ವಂತದ್ದೆಂದು ಹೇಳಿ, ಆಕೆ ತಲೆತಗ್ಗಿಸಿ ಕಣ್ಣೀರಿಟ್ಟಳು. ಸಂಜೆ ಪುನಃ ನೋಡುವಾಗ, ಒಂದು ಗಂಟೆಗೆ ಊಟಕ್ಕೆ ಬಿಟ್ಟ ಮಕ್ಕಳು ಗೇಟಿನ ಚಿತ್ರದಲ್ಲಿ 1:20ಕ್ಕೆ ಹೊರಡುತ್ತಿರುವುದು ಕಂಡಿತು. ಆ ಕ್ಯಾಮರಾದ ಗಡಿಯಾರವು ಇಪ್ಪತ್ತು ನಿಮಿಷ ಮುಂದಿತ್ತು! ಸೇವಕಿ ಹೋದುದು 12:50ಕ್ಕೆ. ಆಗ ಕಳೆದ ಸೈಕಲ್ಲು ಕೊಟ್ಟಿಗೆಯಲ್ಲಿಯೇ ಇತ್ತು. 1:30 ಎಂದು ತೋರುವ ಚಿತ್ರದಲ್ಲಿ, ಸಹಪಾಠಿಯೊಬ್ಬಳು ತನ್ನದೇ ಎಂದು ಭ್ರಮಿಸಿ ಅದನ್ನು ಒಯ್ಯುತ್ತಿದ್ದಳು. ಮರುದಿನ ಅಧ್ಯಾಪಿಕೆಯರೆಲ್ಲರ ಮುಂದೆ ನಾವು ಸೇವಕಿಯ ಕ್ಷಮೆ ಬೇಡಿದೆವು.

ಅಂದಿನಿಂದ ಆರೂ ಕ್ಯಾಮರಾಗಳು ಒಂದೇ ಕಂಪ್ಯೂಟರಿನಿಂದ ಸಮಯವನ್ನು ಪಡೆಯುತ್ತವೆ. ಪ್ರತಿ ಸೋಮವಾರ ಶಾಲೆಯ ಗಂಟೆ ಬಾರಿಸುವಾಗ ಅದನ್ನು ಪರೀಕ್ಷಿಸುತ್ತೇವೆ. ಕ್ಯಾಮರಾಗಳೊಡನೆ ಬಂದ ಗುಪ್ತಪದಗಳನ್ನು ಬದಲಿಸಿ, ಯಂತ್ರವನ್ನು ಹೊರಗಿನ ಅಂತರ್ಜಾಲದಿಂದ ಬೇರ್ಪಡಿಸಿರುವೆವು. ಎರಡನೆಯ ತೆರೆಯನ್ನು ಒಬ್ಬರೇ ತೆರೆಯುವಂತಿಲ್ಲ, ಇಬ್ಬರಿರಬೇಕು. ನೋಡಿದ ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು. ತರಗತಿಗಳಲ್ಲಿಯೂ ಕ್ಯಾಮರಾ ಇಡಬೇಕೆಂದು ಕೆಲವು ಪೋಷಕರು ಕೇಳಿದ್ದಾರೆ. ನಾವು ಒಪ್ಪಿಲ್ಲ. ಗೇಟಿಗೆ ಕಾವಲು ಬೇಕು. ಪಾಠ ಕಲಿಯುವ ಬಾಲಿಕೆಗಾದರೋ ತಪ್ಪಿ ತಿದ್ದಿಕೊಳ್ಳುವುದಕ್ಕೆ ಅವಕಾಶ ಬೇಕು.

ಯಂತ್ರವು ಕಂಡುದನ್ನು ಮಾತ್ರ ಹೇಳುತ್ತದೆ. ನ್ಯಾಯವನ್ನು ವಿಚಾರಿಸುವ ಹೊಣೆ ನಮ್ಮದಾಗಿಯೇ ಉಳಿಯುತ್ತದೆ.