ಎಳ್ಳೆಣ್ಣೆಯಲ್ಲಿ ಅಡಗಿ ಕೂರುವ ಮದ್ದು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಸಾವಿರ ವರ್ಷ ದಾಟಿದ ಕಲ್ಲೇಶ್ವರ ಗುಡಿಯಿದೆ. ಇಂಥ ಶಿವನ ಗುಡಿಗಳಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ತೂಗುಹಾಕುವುದನ್ನು ನೀವು ಕಂಡಿರುತ್ತೀರಿ. ಕೊಡದ ನೀರನ್ನು ಒಮ್ಮೆಲೇ ಸುರಿದರೆ ಕ್ಷಣದಲ್ಲಿ ಹರಿದುಹೋಗುತ್ತದೆ. ಅದೇ ನೀರು ಪಾತ್ರೆಯ ಸಣ್ಣ ತೂತಿನಿಂದ ತಾಸುಗಟ್ಟಲೆ ತೊಟ್ಟಿಕ್ಕುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಔಷಧಿಗಳ ಗುಟ್ಟೂ ಇದೇ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನೇ ನೋಡಿ. ಸಾದಾ ಗುಳಿಗೆ ಲೋಟದ ನೀರಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪುಡಿಪುಡಿಯಾಗಿ ತಳ ಸೇರುತ್ತದೆ. ನಿಧಾನ ಬಿಡುಗಡೆಯ ಗುರುತಾಗಿ ‘ಎಸ್‌ಆರ್’ ಎಂದು ಬರೆದ ಗುಳಿಗೆ ಹಾಗಲ್ಲ. ನೆನೆಸಿದ ಕಾಮಕಸ್ತೂರಿ ಬೀಜದಂತೆ ಉಬ್ಬಿ, ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಸಸ್ಯದ ಸೆಲ್ಯುಲೋಸ್‌ನಿಂದ ತಯಾರಿಸಿದ ಆ ಲೋಳೆಯನ್ನು ದಾಟಿಯೇ ಮದ್ದು ಚೂರುಚೂರೇ ಹೊರಬರಬೇಕು. ನುಂಗಲು ಕಷ್ಟವೆಂದು ಇಂಥ ಗುಳಿಗೆಯನ್ನು ಕುಟ್ಟಿ ಪುಡಿ ಮಾಡಿದಿರೋ, ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ವೈದ್ಯರನ್ನು ಕೇಳದೆ ಅದನ್ನು ಮುರಿಯಲೂ ಬಾರದು.

ಗುಳಿಗೆಯ ಧಾರೆ ಒಂದು ದಿನದ್ದಾದರೆ, ವಾರಗಟ್ಟಲೆ ಹನಿಯುವ ಸೂಜಿಮದ್ದೂ ಇದೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕೊಡುವ ಫ್ಲುಫೆನಜೀನ್ ಡೆಕನೋಯೇಟ್ ಅಂಥದ್ದು. ಮದ್ದಿನ ಅಣುವಿಗೆ ಹತ್ತು ಇಂಗಾಲದ ಕೊಬ್ಬಿನಾಮ್ಲವನ್ನು ಬಾಲದಂತೆ ಜೋಡಿಸುತ್ತಾರೆ. ಆಗ ಅದು ನೀರನ್ನು ಒಲ್ಲದು, ಎಣ್ಣೆಯನ್ನು ಬಿಡಲೊಲ್ಲದು. ಅದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚುತ್ತಾರೆ. ಮಾಂಸಖಂಡದೊಳಗೆ ನಿಂತ ಎಣ್ಣೆಯಿಂದ ಮದ್ದು ಮೆಲ್ಲಗೆ ಜಿನುಗುತ್ತದೆ. ದೇಹದ ಕಿಣ್ವಗಳು ಬಾಲವನ್ನು ಕತ್ತರಿಸಿದ ಮೇಲಷ್ಟೇ ಕೆಲಸಕ್ಕೆ ಇಳಿಯುತ್ತದೆ. ಒಂದು ಸೂಜಿ ಎರಡರಿಂದ ನಾಲ್ಕು ವಾರ ಬಾಳುತ್ತದೆ.

ಇದರ ಬೆಲೆ ಈ ಸೀಮೆಗೆ ಗೊತ್ತು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳು ಹಳೆಯ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಆ ಜಿಲ್ಲೆಯನ್ನೇ ಆರಿಸಿಕೊಂಡು ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಚಿಕಿತ್ಸೆ ಊರಿನ ಹತ್ತಿರವೇ ಸಿಗುವಂತೆ ಮಾಡುವುದು ಅದರ ಗುರಿ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದನ್ನು 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೂ ವಿಸ್ತರಿಸಲು ಆರಂಭಿಸಿದರು. ಇಂಥ ವ್ಯವಸ್ಥೆಗೆ ಎಳ್ಳೆಣ್ಣೆಯ ಸೂಜಿ ಹೇಳಿ ಮಾಡಿಸಿದಂಥದ್ದು. ತಮಗೆ ಕಾಯಿಲೆಯೇ ಇಲ್ಲವೆಂದು ನಂಬಿದವರಿಗೆ ದಿನವೂ ಗುಳಿಗೆ ನುಂಗಿಸುವ ಪಾಡು ಮನೆಯವರಿಗಷ್ಟೇ ಗೊತ್ತು. ಮದ್ದು ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ.

ಆದರೆ ಒಮ್ಮೆ ಚುಚ್ಚಿದ ಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಅಡ್ಡಪರಿಣಾಮವಾಗಿ ಕೈನಡುಕ, ಮೈ ಬಿಗಿತ ಬಂದರೆ ಅವು ಇಳಿಯಲೂ ದಿನ ಹಿಡಿಯುತ್ತದೆ. ಅದಕ್ಕೇ ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ. ಧಾರಾಪಾತ್ರೆ ಬತ್ತುವ ಮುಂಚೆ ಯಾರಾದರೂ ನೀರು ತುಂಬಲೇಬೇಕು. ಮುಂದಿನ ಸೂಜಿಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ಮನೆಯವರ ಕೈಯೂ ಆ ಮದ್ದಿನಷ್ಟೇ ಮುಖ್ಯ.